ಬೊಟ್ಟಿಲ್ಲದ ರೂಪಾಯಿ

ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಪೂರಿಗಾಲಿಯ ಹೆಂಗಸರಲ್ಲಿ ರೂಪಾಯಿ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಕಲಿಸಿದವನು ಮಳವಳ್ಳಿಯ ಅಕ್ಕಸಾಲಿ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚೆ, ಅತ್ತೆಯ ಓಲೆಗೆ ಬೆಸುಗೆ ಹಾಕಿಸಲು ಅಪ್ಪನ ಜೊತೆ ಅವನಲ್ಲಿಗೆ ಹೋಗಿದ್ದೆ. ಅವನ ಮಣೆಯ ಮೇಲಿದ್ದ ಬೆಳ್ಳಿ ರೂಪಾಯಿಯನ್ನು ತಿರುವಿ ಹಾಕುತ್ತಿದ್ದೆ.

"ನೋಡಮ್ಮಿ, ಇಸ್ವಿ ಕೆಳೀಕೆ ಚುಕ್ಕಿ ಇದ್ರೆ ಬೊಂಬಾಯಿ ಟಂಕಸಾಲೇದು. ಇಲ್ದಿದ್ರೆ ಕಲ್ಕತ್ತೇದು" ಎಂದ.

ಇನ್ನೊಂದು ಮಗ್ಗುಲಲ್ಲಿ ರಾಜನ ಕುತ್ತಿಗೆಯ ಅಂಚಿಗೆ ಇರುವೆಯಷ್ಟು ಸಣ್ಣ ಎರಡು ಇಂಗ್ಲಿಷ್ ಅಕ್ಷರಗಳಿದ್ದವು. ಅವು ಯಾಕೆ ಎಂದು ಕೇಳಿದೆ.

"ಮೊಕ ಕೆತ್ತಿದೋನ ಎಸ್ರಿಂದು. ರಾಜನ ಕುತ್ಗೆ ಮ್ಯಾಲೇ ತನ್ನೆಸ್ರು ಕೂರ್ಸವ್ನೆ, ಎಂಥ ಗಂಡೆದೆ! ನಾನು ನಿಮ್ಮತ್ತೆ ಓಲೆ ಮ್ಯಾಲೆ ಇಂಗ್ ಕೆತ್ತಿದ್ರೆ ಬುಟ್ಟಾಳಾ?"

ಅತ್ತೆ ಎಂದರೆ ಅಪ್ಪನ ಅಕ್ಕ. ಶಾಸ್ತ್ರವೆಲ್ಲ ತನಗೊಬ್ಬಳಿಗೇ ಗೊತ್ತು ಎಂದು ಮೆರೆಯುತ್ತಿದ್ದಳು. ಮನೆ ಸೇರಿದವಳೇ ಅವಳಿಗೆ ಹೇಳಿದೆ: "ಅತ್ತೆ, ಚುಕ್ಕಿ ಇರೋದು ಮುತ್ತೈದೆ ರೂಪಾಯಂತೆ. ಇಲ್ದೇ ಇರೋದು ಬೋಳಣೇದು, ಗಂಡ ಸತ್ತೋಳ್ದಂತೆ." ಸುಮ್ಮನೆ, ಅವಳ ಮುಖ ನೋಡೋಣ ಎಂದು. ವಾರ ಕಳೆಯುವುದರೊಳಗೆ ಬೀದಿಯ ಹೆಂಗಸರೆಲ್ಲ ತಾಂಬೂಲದ ರೂಪಾಯಿ ತಿರುಗಿಸಿ ಬೊಟ್ಟು ಹುಡುಕುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ನಕ್ಕು ಬರುತ್ತಿದ್ದೆ.

ಮುಂದಿನ ವರ್ಷ ನನ್ನದೇ ವೀಳ್ಯದ ಶಾಸ್ತ್ರ. ಗಂಡು ಹಲಗೂರಿನ ಕಡೆಯವನು. ನೋಡಲು ಚೆನ್ನಾಗಿದ್ದ, ನನಗೆ ಬೇಕಾಗಿದ್ದ. ಅವನ ತಾಯಿ ತಟ್ಟೆಯಲ್ಲಿ ಎಲೆಅಡಿಕೆ, ಮೇಲೊಂದು ರೂಪಾಯಿ ಇಟ್ಟಳು. ಅತ್ತೆ ಅದನ್ನು ತಿರುಗಿಸಿ ನೋಡಿದಳು, ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

"ಬೋಳಣೆ ರೂಪಾಯಿ ಮಡಗಿದ್ದೀರಲ್ಲ ಬೀಗ್ತಿ! ನಮ್ಮೆಣ್ಣು ಬಾಳ್ಬೇಕೋ ಬ್ಯಾಡ್ವೋ?"

"ನಮ್ಮನೆ ರೂಪಾಯಿ ಬೋಳಾ? ಏಳ್ಲಾ ಮಗ, ಓಗುವ" ಎಂದು ಗಂಡಿನ ತಾಯಿ ಸೆರಗು ಕೊಡವಿದಳು. ಆ ಪುಣ್ಯಾತ್ಮ ಎದ್ದೇಬಿಟ್ಟ.

ತಲೆ ತಗ್ಗಿಸಿ ಕೂತಿದ್ದ ನಾನು ಬಾಯಿ ಬಿಡಲೇಬೇಕಾಯಿತು. "ಅತ್ತೆ, ಅದು ಕಲ್ಕತ್ತೇದು, ಅಷ್ಟೇಯ. ಮುತ್ತೈದೆ ಕತೆ ನಾನೇ ಕಟ್ಟಿದ್ದು."

ಅತ್ತೆ ಸೋಲಬೇಕಲ್ಲ? "ಕಟ್ಟಾಕೆ ನೀನ್ಯಾವೋಳಮ್ಮಿ? ನಮ್ಮತ್ತೆ ಕಾಲ್ದಿಂದ್ಲೂ ಐತೆ ಈ ಸಾಸ್ತ್ರ!" ಎಂದಳು. ಸುತ್ತ ಕೂತಿದ್ದ ಹೆಂಗಸರೂ ಹೌದು ಹೌದು ಎಂದರು. ನನ್ನ ಸುಳ್ಳಿಗೆ ಆಗಲೇ ಅಜ್ಜಿ ಮುತ್ತಜ್ಜಿಯರು ಹುಟ್ಟಿಕೊಂಡಿದ್ದರು.

ಗಂಡಿನ ತಾಯಿ ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆಮೇಲೆ ಕುಂಕುಮದ ಬಟ್ಟಲಿಗೆ ಬೆರಳು ಅದ್ದಿ, ರೂಪಾಯಿಯ ರಾಜನ ಹಣೆಗೇ ಒತ್ತಿದಳು.

"ತಗಳ್ಳಿ ಬೀಗ್ತಿ, ರಾಜನೂ ಮುತ್ತೈದೆ ಆದ. ಇನ್ನೇನಾದ್ರೂ ಐತಾ?"

ಇನ್ನೇನೂ ಇರಲಿಲ್ಲ. ಅತ್ತೆ ತಟ್ಟೆ ತೆಗೆದುಕೊಂಡಳು. ಆ ಪುಣ್ಯಾತ್ಮ ಮತ್ತೆ ಕೂತ.

ಹೊರಡುವಾಗ ಗಂಡಿನ ತಾಯಿ ನನ್ನ ಕೆನ್ನೆ ಹಿಂಡಿ, ಯಾರಿಗೂ ಕೇಳದ ಹಾಗೆ, "ಬಾ ಮನೇಗೆ, ನಿಂಗೈತೆ" ಎಂದಳು.

ನನ್ನ ಹಾಗಲ್ಲ, ಆಕೆ ಸುಳ್ಳು ಹೇಳುವವಳಲ್ಲ.