ಮೂರನೆಯ ಉತ್ತರ

ದೋನ್ ಎಫ್ರಾಯಿನ್ ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ. ನಾನಲ್ಲದೆ ಇನ್ಯಾರೂ ಬರೆಯುವುದಿಲ್ಲ.

ಹದಿನೇಳನೇ ವಯಸ್ಸಿಗೇ ಅವರು ನಮ್ಮ ದ್ವೀಪದ ಅರೆಸೀಬೋ ಊರಿನ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದರು. ಕಾರ್ಖಾನೆ ಮುಚ್ಚಿತು. ಪರೀಕ್ಷೆ ಬರೆದು ಫೆಡರಲ್ ಸರ್ಕಾರದ ಒಂದು ಆಸ್ಪತ್ರೆಯ ಬಾಯ್ಲರ್ ಮನೆ ಸೇರಿದರು. ಉಗಿ, ಬಿಸಿನೀರು, ತಂಪುಗಾಳಿ, ಪಂಪು, ಜನರೇಟರು, ಮೇಲೆ ಮಲಗಿದ ರೋಗಿಗೆ ಬೇಕಾದದ್ದೆಲ್ಲ ಕೆಳಗಿನ ನಮ್ಮ ಕೈಯಿಂದಲೇ ಹೋಗಬೇಕು. ನಾನು ಅಲ್ಲಿ ಸೇರಿದಾಗ ನನಗೆ ಸ್ಪ್ಯಾನರ್ ಹಿಡಿಯಲೂ ಸರಿಯಾಗಿ ಬರುತ್ತಿರಲಿಲ್ಲ.

ಕಲಿಸಿದವರು ಅವರು. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಬೇರಿಂಗ್ ಇನ್ನೆಷ್ಟು ದಿನ ಬಾಳುತ್ತದೆಂದು ಹೇಳುತ್ತಿದ್ದರು. ಒಮ್ಮೆ ನಾನು ಉಗಿಯ ವಾಲ್ವನ್ನು ಒಂದೇ ಸಲಕ್ಕೆ ತೆರೆಯಲು ಹೋದಾಗ ಕೈ ಮೇಲೆ ಪಟ್ಟೆಂದು ಹೊಡೆದರು.

"ಕೂದಲೆಳೆಯಷ್ಟು ತೆಗಿ, ನಿಲ್ಲು. ಆಮೇಲೆ ಇನ್ನೊಂಚೂರು. ಪೈಪು ಒಡೆದ್ರೆ ನಿಮ್ಮಪ್ಪ ಬಂದು ಕಟ್ತಾನೇನೋ, ನೆನೆ?"

ನನಗಾಗ ಮೂವತ್ತು ದಾಟಿತ್ತು. ಅವರ ಬಾಯಲ್ಲಿ ಮಾತ್ರ ಇವತ್ತಿಗೂ ನೆನೆ, ಅಂದರೆ ಪುಟ್ಟ. ನಮಗೆಲ್ಲ ಅವರು ದೋನ್ ಎಫ್ರಾ; ದೋನ್ ಎಂದರೆ ಹಿರಿಯರಿಗೆ ಕೊಡುವ ಗೌರವ.

ಹತ್ತೊಂಬತ್ತು ವರ್ಷ ಅವರಿಗೆ ಮಧ್ಯಾಹ್ನದ ಪಾಳಿ. ಹೆಂಡತಿ ನಿಲ್ಸಾ ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಿದ್ದರು. ಆಕೆ ಮನೆಗೆ ಬರುವ ಹೊತ್ತಿಗೆ ಇವರು ಹೊರಡಬೇಕು. "ನಮ್ಮ ಸಂಸಾರ ನಡೆಯೋದೆಲ್ಲ ಗೇಟಿನ ಹತ್ರಾನೇ ಕಣೋ," ಎಂದು ನಗುತ್ತಿದ್ದರು. ನಗುತ್ತಿದ್ದರೂ ಅವರಿಗಿದ್ದ ಆಸೆ ಒಂದೇ: ಮುಖ್ಯ ಆಪರೇಟರ್ ಹುದ್ದೆ. ಅದು ಬೆಳಗಿನ ಪಾಳಿ. ಸಂಜೆ ಹೆಂಡತಿಯ ಎದುರು ಕೂತು ಉಣ್ಣಬಹುದು.

ಕೊನೆಗೂ ಆ ಹುದ್ದೆ ಖಾಲಿಯಾಯಿತು. ಇಬ್ಬರೂ ಅರ್ಜಿ ಹಾಕಲು ಹೊರಟೆವು. ಆ ಸಲ ಅರ್ಜಿ ಕಂಪ್ಯೂಟರಿನಲ್ಲಿ. ಆ ಹುದ್ದೆಯಲ್ಲಿ ಮಾಡಬೇಕಾದ ಒಂದೊಂದು ಕೆಲಸದ ಎದುರಿಗೂ, ಅದು ನಮಗೆಷ್ಟು ಬರುತ್ತದೆಂದು ಹೇಳುವ ಐದು ಉತ್ತರ. ನಮಗೆ ಹೊಂದುವುದನ್ನು ನಾವೇ ಆರಿಸಬೇಕು.

ಅರ್ಜಿ ತುಂಬುವ ಹಿಂದಿನ ದಿನ ನೌಕರರ ಸಂಘದ ನೊಯೆಲ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ಎಲ್ಲದಕ್ಕೂ ಐದನೇದೇ ಒತ್ತು. 'ನಾನು ನಿಪುಣ, ಬೇರೆಯವರು ನನ್ನನ್ನ ಕೇಳ್ತಾರೆ' ಅನ್ನೋದು. ಅದಕ್ಕಿಂತ ಕೆಳಗಿಂದು ಒತ್ತಿದ್ರೆ ಕಂಪ್ಯೂಟರೇ ಎಸೆದುಬಿಡುತ್ತೆ, ಮನುಷ್ಯರು ನೋಡೋದೇ ಇಲ್ಲ. ದೋನ್ ಎಫ್ರಾಗೂ ಹೇಳ್ಬಿಡು."

ಹೇಳುತ್ತೇನೆ ಎಂದೆ.

ಮರುದಿನ ಊರ ಗ್ರಂಥಾಲಯದ ಕಂಪ್ಯೂಟರುಗಳ ಮುಂದೆ ದೋನ್ ಎಫ್ರಾ ನನ್ನ ಪಕ್ಕದಲ್ಲೇ ಕೂತರು. ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಓದಿದರು. ಮೂರನೆಯ ಉತ್ತರ, 'ಮೇಲಧಿಕಾರಿಯ ಕೈಕೆಳಗೆ ಮಾಡಿದ್ದೇನೆ' ಎಂದಿತ್ತು.

"ಮೇಲಧಿಕಾರಿ ಇಲ್ದೆ ಯಾವ ಸರ್ಕಾರಿ ನೌಕರ ಕೆಲಸ ಮಾಡ್ತಾನೆ? ಇದೇ ಸರಿ, ಅಲ್ವೇನೋ ನೆನೆ? ನಿಪುಣ ಅಂತ ನಮಗೆ ನಾವೇ ಹೇಳ್ಕೊಂಡ್ರೆ ಬಾಯ್ಲರೂ ನಗುತ್ತೆ."

ದಿನಕ್ಕೆ ಹತ್ತು ಸಲ ಅವರನ್ನು ಕೇಳಿ ಕೇಳಿ ಕೆಲಸ ಮಾಡುತ್ತಿದ್ದ ಪ್ರಾಣಿ ಪಕ್ಕದಲ್ಲೇ ಕೂತಿತ್ತು. ನಾನು ಬಾಯಿ ಬಿಡಬೇಕಿತ್ತು. "ನಿಮ್ಮಿಷ್ಟ, ದೋನ್ ಎಫ್ರಾ," ಎಂದೆ. ಅವರು ಕೆಳಗಿನವರೆಗೂ ಮೂರನೆಯದನ್ನೇ ಒತ್ತಿಕೊಂಡು ಹೋದರು. ನಾನು ಐದನೆಯದನ್ನು ಒತ್ತಿದೆ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ, ಬೇರೇನಲ್ಲ.

ಅವರಿಗೆ ಕಾಗದ ಬಂತು: ಈ ಹುದ್ದೆಗೆ ಬೇಕಾದ ಅರ್ಹತೆ ನಿಮಗಿಲ್ಲ. ನನಗೆ ಹುದ್ದೆ ಬಂತು. ಅವರು ನಿಲ್ಸಾ ಮಾಡಿದ ತೊಗರಿಕಾಳಿನ ಅನ್ನ ತಂದು, ಕೈ ಕುಲುಕಿ, ನನಗೆ ಬಡಿಸಿದರು. ನಾನು ತಿಂದೆ ಕೂಡ.

ಮುಂದಿನ ವಾರ ಪಾಳಿ ಬದಲಾಗುವ ಹೊತ್ತಿನಲ್ಲಿ ಅವರು ಉಗಿಯ ವಾಲ್ವಿನ ಮುಂದೆ ನಿಂತು ನನ್ನ ಕಡೆ ತಿರುಗಿದರು. "ತೆಗೀಲಾ?"

ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಆಮೇಲೆ ನಾನು ಅಲ್ಲಿದ್ದಾಗಲೆಲ್ಲ ಕೇಳಿಯೇ ಮುಟ್ಟುತ್ತಿದ್ದರು. ಪಂಪಿಗೆ ಕಿವಿಗೊಡುವುದನ್ನು ಬಿಟ್ಟೇಬಿಟ್ಟರು. ಹೀಗೇ ಹನ್ನೊಂದು ವರ್ಷ. ಎಂಟನೆಯ ವರ್ಷ ಒಂದು ಸಂಜೆ ನಿಲ್ಸಾ ಎದೆನೋವಿನಿಂದ ತೀರಿಕೊಂಡರು. ಆಗ ಇವರು ಪಾಳಿಯಲ್ಲಿದ್ದರು. ನಾನು ಮನೆಯಲ್ಲಿ ಊಟ ಮಾಡುತ್ತಿದ್ದೆ.

ಅವರು ನಿವೃತ್ತರಾಗಿ ಎರಡು ವರ್ಷವಾದ ಮೇಲೆ, ಹೋದ ತಿಂಗಳು, ಅವರ ಮನೆಗೆ ಹೋದೆ. ಕಾಫಿ ಮಾಡಿಕೊಟ್ಟರು. ನೊಯೆಲ್ ಹೇಳಿದ್ದು, ನಾನು ಹೇಳದೇ ಇದ್ದದ್ದು, ಐದನೆಯದು, ಮೂರನೆಯದು, ಒಂದೂ ಬಿಡದೆ ಹೇಳಿದೆ.

ಅವರು ತಮ್ಮ ಲೋಟ ಕೈಗೆತ್ತಿಕೊಂಡರು.

"ಬೈದುಬಿಡಿ, ದೋನ್ ಎಫ್ರಾ," ಎಂದೆ.

"ನಿಲ್ಸಾ ಅಂದಿದ್ಲು," ಎಂದರು ನನ್ನ ಮುಖ ನೋಡದೆ. "ಕಾಗದ ಬಂದ ದಿನ. 'ಇದ್ರಲ್ಲೇನೋ ತಪ್ಪಾಗಿದೆ, ಹೋಗಿ ಕೇಳು' ಅಂತ. ನಾನೇ ರೇಗಿದೆ. ಸರ್ಕಾರಕ್ಕಿಂತ ನಿಂಗೆ ಜಾಸ್ತಿ ಗೊತ್ತಾ, ನನ್ನ ಯೋಗ್ಯತೆ ಇಷ್ಟೇ, ಒಪ್ಕೋ ಅಂದೆ. ಅವಳು ಸುಲಭಕ್ಕೆ ಒಪ್ಲಿಲ್ಲ. ದಿನಾ ರೇಗಿ ರೇಗಿ ಒಪ್ಪಿಸ್ದೆ."

ಲೋಟ ಕೆಳಗಿಟ್ಟರು.

"ಹಂಗೇ ತಿಳ್ಕೊಂಡು ಹೋದ್ಲಲ್ಲೋ, ನೆನೆ."