ಕುಣಿಗಲ್ಲಿಗೆ ಮಲಗಿಕೊಂಡು ಹೊರಟದ್ದು

ನಾನು ಕೂರೋದನ್ನ ಬಿಟ್ಟು ಆಗ ಒಂದು ವರ್ಷ ಆಗಿತ್ತು. ವ್ರತವೂ ಅಲ್ಲ, ಹರಕೆಯೂ ಅಲ್ಲ. ಸೊಂಟದಲ್ಲಿ ಏನೋ ಒಂದು ಜರುಗಿ, ಕೂತರೆ ಸಾಕು ಎಡಗಾಲಿನ ಹೆಬ್ಬೆರಳವರೆಗೆ ಉರಿ ಹತ್ತೋದು. ಇಲ್ಲಾ ನಿಂತಿರಬೇಕು, ಇಲ್ಲಾ ಮಲಗಿರಬೇಕು. ಎಂಬತ್ತರ ದಶಕದ ಶುರು. ತುಮಕೂರಿನ ಒಂದು ಹೈಸ್ಕೂಲಲ್ಲಿ ನಾನು ಲೆಕ್ಕದ ಮೇಷ್ಟ್ರು. ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು, ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಕುರ್ಚಿ ಮುಟ್ಟದೆ ಪಾಠ ಮಾಡೋದನ್ನ ಕಂಡು, ಇಂಥ ನಿಷ್ಠೆ ಎಲ್ಲೂ ನೋಡಿಲ್ಲ ಅಂತ ಎಲ್ಲರ ಮುಂದೆ ಹೊಗಳಿದ್ರು. ನಾನೂ ತೆಪ್ಪಗಿದ್ದೆ. ಪುಕ್ಕಟೆ ಬಂದ ಹೊಗಳಿಕೆ ಯಾರು ಬಿಡ್ತಾರೆ?

ಬಟವಾಡಿಯ ಡಾಕ್ಟರು ಮಾತ್ರ ಹೊಗಳಲಿಲ್ಲ. ಸೈಕಲ್ ಸೀಟಿನ ಮೇಲೆ ಈ ಜನ್ಮದಲ್ಲಿ ಕೂರಬೇಡಿ ಅಂದುಬಿಟ್ರು. ನನ್ನ ಸಂಕಟ ಶುರುವಾದದ್ದೇ ಅಲ್ಲಿ. ಕುಣಿಗಲ್ಲಿಗೆ ಮದುವೆಯಾಗಿ ಹೋದ ನಮ್ಮಕ್ಕನಿಗೆ ಪ್ರತಿ ವರ್ಷ ಗೌರಿ ಹಬ್ಬದ ಬಾಗಿನವನ್ನ ಸೈಕಲ್ಲಿನಲ್ಲೇ ತಗೊಂಡು ಹೋಗ್ತಿದ್ದೋನು ನಾನು. ಒಂದು ಮೊರದ ತುಂಬ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ರವಿಕೆ ಕಣ. ಅದರ ಮೇಲೆ ಇನ್ನೊಂದು ಮೊರ ಮುಚ್ಚಿ ದಾರ ಸುತ್ತಿದ್ರೆ ಬಾಗಿನ. ಹಿಂದಿನ ವರ್ಷ ನಾನು ಹಾಸಿಗೇಲಿದ್ದೆ, ಅಮ್ಮನೇ ಬಸ್ಸಲ್ಲಿ ಒಯ್ದಳು. ಅಕ್ಕ ಅಳ್ತಾ ತಗೊಂಡಳಂತೆ. ಸ್ವತಃ ಹಾಸಿಗೆ ಹಿಡಿದಿದ್ದ ಅವಳ ಅತ್ತೆ, “ನಿನ್ನ ತಮ್ಮ ಇನ್ನು ಏಳೋ ಗಿರಾಕಿ ಅಲ್ಲ ಬುಡು” ಅಂತ ಮಲಗಿದಲ್ಲಿಂದಲೇ ತೀರ್ಪು ಕೊಟ್ಟಿದ್ದಳು. ಈ ವರ್ಷ ಅಕ್ಕ ಕಾಗದ ಬರೆದಳು. ನೀನೇ ತರಬೇಕು, ಬೇರೆ ಯಾರು ತಂದ್ರೂ ನಾನು ಮುಟ್ಟಲ್ಲ ಅಂತ. ನನ್ನ ಕಾಲು ಇನ್ನೂ ನನ್ನ ಮಾತು ಕೇಳ್ತವೆ ಅನ್ನೋದನ್ನ ಅವಳಿಗೆ ಕಣ್ಣಾರೆ ತೋರಿಸಬೇಕಿತ್ತು, ಅಷ್ಟೇ.

ಬಸ್ಸಿಗೇನಾಗಿತ್ತು ರೋಗ ಅಂತ ನೀವು ಕೇಳಬಹುದು. ಪರೀಕ್ಷೆ ಮಾಡೋಣ ಅಂತ ಗುಬ್ಬಿವರೆಗೆ ನಿಂತುಕೊಂಡೇ ಹೋಗಿ ನೋಡಿದೆ. ಕುಲುಕಾಟಕ್ಕೆ ಸೊಂಟ ಹಿಡಕೊಂಡು, ಇಳಿಸೋಕೆ ಇಬ್ಬರು ಬೇಕಾದ್ರು. ವಾಪಸ್ ಬಂದದ್ದು ಕೊಬ್ಬರಿ ಲಾರೀಲಿ, ಮೂಟೆಗಳ ಮೇಲೆ ಅಂಗಾತ ಮಲಗಿಕೊಂಡು. ಸುಖವಾಗೇ ಇತ್ತು, ಸುಳ್ಳು ಯಾಕೆ ಹೇಳಲಿ? ಆದರೆ ಅಕ್ಕನ ಮನೆ ಬಾಗಿಲಲ್ಲಿ ನನ್ನನ್ನ ಮೂಟೆ ಇಳಿಸಿದಂಗೆ ಇಳಿಸಿದ್ರೆ ಆ ಮುದುಕಿ ಮಾತೇ ನಿಜ ಆಗೋಗ್ತಿತ್ತು.

ನಮ್ಮ ಬೀದಿ ಕೊನೇಲಿ ಭಾಯಿಯ ಸೈಕಲ್ ಶಾಪು. ನನಗಿಂತ ಹತ್ತು ವರ್ಷ ದೊಡ್ಡವರು, ಕೈಯಲ್ಲಿ ಒಳ್ಳೆ ಕೆಲಸ, ಬಾಯಲ್ಲಿ ಅದಕ್ಕಿಂತ ಜಾಸ್ತಿ. ಶಾಪಿನ ಮುಂದೆ ಅವರದೊಂದು ಕ್ಯಾನ್‌ವಾಸಿನ ಈಸಿಚೇರು. ಒಂದು ದಿನ ಕಾಲು ಸೋತು ಅದರಲ್ಲಿ ಒರಗಿಬಿಟ್ಟೆ. ಉರಿ ಇಲ್ಲ! ಕಾಲು ಮುಂದಕ್ಕೆ ಚಾಚಿ ಗಾಳೀಲಿ ಪೆಡಲ್ ತುಳಿದು ನೋಡಿದೆ. ಆಗಲೂ ಇಲ್ಲ!

“ಹಂಗಾದ್ರೆ ಚೇರಿಗೇ ಚಕ್ರ ಹಾಕೋಣ ಬಿಡಿ ಮೇಷ್ಟ್ರೇ” ಅಂದ್ರು ಭಾಯಿ, ತಮಾಷೆಗೆ.

ನಾನು ನಗಲಿಲ್ಲ. ನಾನು ನಗದೇ ಇದ್ದದ್ದು ನೋಡಿ ಅವರೂ ನಗು ನಿಲ್ಲಿಸಿದ್ರು.

ಎರಡು ಹಳೇ ಸೈಕಲ್ ಕತ್ತರಿಸಿ, ಉದ್ದಕ್ಕೆ ಬೆಸೆದು, ಮುಂದಕ್ಕೆ ಮಕ್ಕಳ ಸೈಕಲ್ಲಿನ ಪುಟ್ಟ ಚಕ್ರ, ಅದಕ್ಕಿಂತ ಮುಂದೆ ಪೆಡಲ್ಲು, ಮಧ್ಯೆ ಈಸಿಚೇರಿನ ಕ್ಯಾನ್‌ವಾಸು. ಮೂರು ಚೈನು ಸೇರಿಸಿ ಒಂದು ಮಾಡಿದ್ದರು. ಹ್ಯಾಂಡಲನ್ನ ಉದ್ದದ ಪೈಪಿಗೆ ಬೆಸೆದು ನನ್ನ ಎದೆವರೆಗೆ ಎಳೆದು ತಂದ್ರು. ಇಡೀ ಬೀದಿ ನಿಂತು ನೋಡ್ತು.

ಅಮ್ಮ ನೋಡಿದ್ದೇ ತಡ, ಅಂಗಳದಲ್ಲಿ ಕುಕ್ಕರಿಸಿದಳು. “ಅಯ್ಯೋ ಪಾಪಿ, ಕಾಲು ಮುಂದು ಮಾಡ್ಕೊಂಡು ಮನೆ ಬಿಡೋರು ಯಾರು ಗೊತ್ತೇನೋ ನಿಂಗೆ?” ಗೊತ್ತಿತ್ತು. ಅದಕ್ಕೇ ಗೇಟು ದಾಟೋವರೆಗೆ ಸೈಕಲ್ಲನ್ನ ಹಿಮ್ಮುಖವಾಗಿ ತಳ್ಳೋದು ಅಂತ ರಾಜಿ ಆಯ್ತು. ನಿಜವಾದ ಯುದ್ಧ ಆದದ್ದು ಬಾಗಿನಕ್ಕೆ. ಮುಂದಿನ ಕ್ಯಾರಿಯರಲ್ಲಿ ಇಡೋಣ ಅಂದ್ರೆ ಅಲ್ಲಿ ನನ್ನ ಪಾದ. ಗೌರಮ್ಮನ ಬಾಗಿನಕ್ಕೆ ಕಾಲು ತೋರಿಸೋದುಂಟಾ? ಮಡಿಲಲ್ಲಿ ಇಡೋಣ ಅಂದ್ರೆ ಹ್ಯಾಂಡಲ್ಲು. ಬೆನ್ನ ಹಿಂದೆ ತಗ್ಗಿಗೆ ಇಟ್ಟರೆ ರಸ್ತೆ ಧೂಳೆಲ್ಲ ಅದಕ್ಕೇ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಹಂಗೆ ಮೂರು ದಿನ ನಡೀತು. ಕೊನೆಗೆ ಭಾಯಿಯೇ, “ಅಮ್ಮಾ, ಅಕ್ಕನ ಸಾಮಾನು ತಲೆ ಮೇಲೇ ಇರಲಿ. ನಾನು ಮಾಡ್ತೀನಿ” ಅಂತ ನನ್ನ ನೆತ್ತಿಯಿಂದ ಒಂದು ಮೊಳ ಮೇಲಕ್ಕೆ ಕಂಬಿ ಎಬ್ಬಿಸಿ ತಟ್ಟೆ ಕೂರಿಸಿದ್ರು. ಬಾಗಿನದ ತೂಕಕ್ಕೆ ಇಟ್ಟಿಗೆ ಇಟ್ಟು ಪರೀಕ್ಷೆ ಮಾಡಿದ್ವಿ. ಮೊದಲನೇ ತಿರುವಿನಲ್ಲೇ ನಾನು, ಸೈಕಲ್ಲು, ಇಟ್ಟಿಗೆ ಮೂರೂ ಮೋರಿಗೆ. ಕೆಳಗೆ ಕಬ್ಬಿಣದ ತುಂಡು ಕಟ್ಟಿ ಸಮ ಮಾಡಿದ್ರು. ಈಗ ಬೀಳ್ತಿರಲಿಲ್ಲ, ಆದರೆ ಏರು ಹತ್ತೋದೂ ಇಲ್ಲ.

ಏರಿಗೆ ತಯಾರಿ ಬೇರೆ. ಮಾಮೂಲಿ ಸೈಕಲ್ಲಲ್ಲಿ ಏರು ಬಂದ್ರೆ ಎದ್ದು ನಿಂತು ತುಳೀಬಹುದು. ಮಲಗಿದೋನು ಎಲ್ಲಿಗೆ ಏಳ್ತಾನೆ? ಒದೀಬೇಕು, ಅಷ್ಟೇ. ದಿನಾ ಬೆಳಿಗ್ಗೆ ಪಡಸಾಲೇಲಿ ಅಂಗಾತ ಮಲಗಿ ಗೋಡೆ ಒದೀತಿದ್ದೆ, ಎಡಕ್ಕೆ ನೂರು, ಬಲಕ್ಕೆ ನೂರು. ಎರಡು ವಾರಕ್ಕೆ ಗಾರೆ ಉದುರಿ ಇಟ್ಟಿಗೆ ಕಾಣಿಸ್ತು. ಪಕ್ಕದ ಮನೆಯಾಕೆ ಬಂದು, “ಮೇಷ್ಟ್ರಿಗೆ ಮೈಮೇಲೆ ಬರ್ತದಾ?” ಅಂತ ಅಮ್ಮನ್ನ ಮೆಲ್ಲಗೆ ವಿಚಾರಿಸಿದಳು. ಭಾನುವಾರ ಊರ್ಡಿಗೆರೆ ರಸ್ತೆಯ ಏರಿನಲ್ಲಿ ಅಭ್ಯಾಸ. ನನ್ನ ಮೂತಿಯೂ ನಾಯಿಯ ಮೂತಿಯೂ ಒಂದೇ ಎತ್ತರದಲ್ಲಿರೋವಾಗ ನಾಯಿ ಬೊಗಳಿದ್ರೆ ಹೆಂಗಿರ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಬಸ್ಸಿನವರಿಗೆ ಕಾಣಲಿ ಅಂತ ಬಿದಿರಿಗೆ ಕೆಂಪು ಬಟ್ಟೆ ಕಟ್ಟಿದ್ವಿ. ರಸ್ತೆ ರಿಪೇರಿ ಅಂದ್ಕೊಂಡು ಎತ್ತಿನಗಾಡಿಗಳು ನಿಂತುಬಿಡೋವು. ಭಾಯಿ ಹಿಂದೆ ತಮ್ಮ ಸೈಕಲ್ಲಲ್ಲಿ, “ಒದೀರಿ ಮೇಷ್ಟ್ರೇ, ಒದೀರಿ!” ಅಂತ ಕೂಗೋರು.

ಹಬ್ಬದ ಹಿಂದಿನ ದಿನ ಬೆಳಕು ಹರೀತಲೇ ಹೊರಟ್ವಿ. ನೆತ್ತಿ ಮೇಲೆ ಬಾಗಿನ, ಹಿಂದೆ ಭಾಯಿ, ಅವರ ಹೆಗಲಲ್ಲಿ ಪಂಪು. ಹೆಬ್ಬೂರಿನವರೆಗೆ ಮಹಾರಾಜನ ಥರ ಹೋದೆ. ಅದಾದ ಮೇಲೆ ಒಂದು ಏರು, ಇಳಿಜಾರು, ಮತ್ತೊಂದು ಏರು. ಮೂರನೇ ಏರಿನ ಅರ್ಧಕ್ಕೆ ನನ್ನ ತೊಡೆ ನಡುಗಿ ಸೈಕಲ್ಲು ನಿಂತೇಹೋಯ್ತು. ಭಾಯಿ ಓಡಿ ಬಂದು ಹಿಡಕೊಂಡ್ರು. ಅಳು ಬಂತು, ಹೌದು. ನನ್ನ ಮೇಲೇ ಸಿಟ್ಟು ಬಂದು ಅಳು ಬಂತು.

ಆಗ ಎದುರಿಂದ ಕುಣಿಗಲ್ ಕಡೆಯ ಬಸ್ಸು ಇಳಿದು ಬಂತು. ನಮ್ಮನ್ನ ದಾಟಿ ಹೋಗಿ, ಕಿರ್ರ್ ಅಂತ ನಿಂತಿತು. ಕಿಟಕಿಗಳಲ್ಲೆಲ್ಲ ತಲೆ. ಇಳಿದು ಓಡಿ ಬಂದೋಳು ನಮ್ಮಕ್ಕ.

ನಮ್ಮ ಅಭ್ಯಾಸದ ಸುದ್ದಿ ಬಾಯಿಂದ ಬಾಯಿಗೆ ಕುಣಿಗಲ್ ತಲುಪೋಷ್ಟರಲ್ಲಿ, ಮೇಷ್ಟ್ರನ್ನ ಚಕ್ರದ ಮಂಚದಲ್ಲಿ ಮಲಗಿಸಿ ಊರೂರು ಸುತ್ತಿಸ್ತಾವ್ರಂತೆ ಅಂತ ಆಗಿತ್ತು. ಅತ್ತೇನ ಪಕ್ಕದ ಮನೆಯವರಿಗೆ ಒಪ್ಪಿಸಿ, ಸಿಕ್ಕ ಬಸ್ಸು ಹಿಡಿದಿದ್ದಳು.

“ಏಳಕ್ಕಾಗ್ತದೇನೋ ನಿನಗೆ? ನಿಜ ಹೇಳು.”

ನಾನು ಪಕ್ಕಕ್ಕೆ ಹೊರಳಿ, ಮಂಡಿ ಊರಿ, ಭಾಯಿ ಕೈ ಕೊಡೋಕೆ ಬಂದ್ರೆ ಬೇಡ ಅಂದು, ಎದ್ದು ನಿಂತೆ. ಅವಳು ಮೇಲಿಂದ ಕೆಳಕ್ಕೆ ನೋಡಿದಳು. ಹಿಂದೆ ಬಂದು ನೋಡಿದಳು. ಆಮೇಲೆ ಬೆನ್ನಿಗೆ ಒಂದು ಗುದ್ದು ಕೊಡೋಕೆ ಕೈ ಎತ್ತಿದೋಳು, ಸೊಂಟ ನೆನಪಾಗಿ, ಭುಜಕ್ಕೆ ಗುದ್ದಿದಳು.

“ಅಕ್ಕ, ನೀನು ವಾಪಸ್ ಹೋಗು. ನಾನು ಮನೆಗೇ ತಂದು ಕೊಡ್ತೀನಿ.”

“ಹತ್ತಿದ್ದು ಸಾಕು ಕಣೋ. ಇಲ್ಲೇ ಕೊಡು” ಅಂತ ಸೆರಗು ಒಡ್ಡಿದಳು.

ಹಬ್ಬದ ಸಂತೆ ಮುಗಿಸಿ ಬರ್ತಿದ್ದ ಯಾರೋ ಹೆಂಗಸು ಬಸ್ಸಿನಿಂದ ಅರಿಶಿನ ಕುಂಕುಮ ಚಾಚಿದಳು. ಡ್ರೈವರು ಇಂಜಿನ್ ಆಫ್ ಮಾಡಿದ. ಭಾಯಿ ಚಪ್ಪಲಿ ಬಿಟ್ಟು, ಮೊರ ಇಳಿಸಿ ನನ್ನ ಕೈಗೆ ಕೊಟ್ಟರು. ನಾನು ಅಕ್ಕನ ಸೆರಗಿಗೆ ಕೊಟ್ಟೆ. ಇನ್ನು ಕಾಲಿಗೆ ಬೀಳಬೇಕು. ಅಲ್ಲಿ ನಿಂತುಬಿಟ್ಟೆ. ಇಷ್ಟೆಲ್ಲ ತಯಾರಿ ಮಾಡಿದೋನು ಇದೊಂದನ್ನ ಯೋಚಿಸಿಯೇ ಇರಲಿಲ್ಲ.

“ಅಕ್ಕ, ಬಗ್ಗೋಕಾಗಲ್ಲ ನನಗೆ” ಅಂದೆ. ಬಸ್ಸಿನೋರಿಗೆಲ್ಲ ಕೇಳಿಸ್ತು.

ರಸ್ತೆ ಪಕ್ಕದ ಮೋರಿ ಕಟ್ಟೆ ನನ್ನ ಸೊಂಟದ ಎತ್ತರಕ್ಕಿತ್ತು. ಅಕ್ಕ ಬಾಗಿನವನ್ನ ಸೆರಗಿನೊಳಗೆ ಅವಚಿಕೊಂಡು, ಭಾಯಿಯ ಭುಜ ಹಿಡಿದು, ಅದರ ಮೇಲೆ ಹತ್ತಿ ನಿಂತಳು.

“ಈಗ ಮುಟ್ಟೋ” ಅಂದಳು.

ನಾನು ನೆಟ್ಟಗೆ ನಿಂತೇ ನಮ್ಮಕ್ಕನ ಎರಡೂ ಪಾದ ಮುಟ್ಟಿದೆ.