ಹಲ್ಲಿನ ಗುರುತು ಓದುವ ತೊಟ್ಟಿಯಕ್ಕ

ಹವಳ ನೋಡಲು ಸಮುದ್ರಕ್ಕಿಳಿಯುವ ದೊಡ್ಡ ಮನುಷ್ಯರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಬೇಜಾರಾದರೆ ಆಗಲಿ. ನೀವು ಬಾಡಿಗೆಗೆ ತೊಟ್ಟುಕೊಳ್ಳುವ ಆ ಕಪ್ಪು ರಬ್ಬರ್ ಸೂಟಿನೊಳಗೆ ನೀವು ಉಚ್ಚೆ ಹೊಯ್ಯುತ್ತೀರಿ. ಇಲ್ಲ ಅನ್ನಬೇಡಿ. ವಕೀಲರು, ಡಾಕ್ಟರು, ಮದುವೆಯಾಗಿ ಮೂರು ದಿನವಾದ ಜೋಡಿ, ಎಲ್ಲರೂ ಹೊಯ್ಯುತ್ತಾರೆ. ನಾನೂ ಹೊಯ್ದಿದ್ದೇನೆ. ಮಧ್ಯಾಹ್ನ ದೋಣಿ ಇಳಿದು, ಸೂಟು ಕಳಚಿ ನೆಲಕ್ಕೆಸೆದು, ಆಮೆಯ ಜೊತೆ ತೆಗೆಸಿಕೊಂಡ ಫೋಟೋ ನೋಡುತ್ತಾ ನಡೆದುಬಿಡುತ್ತೇವೆ. ಅದನ್ನು ಯಾರು ತೊಳೆಯುತ್ತಾರೆ ಎಂದು ಒಬ್ಬರಾದರೂ ಕೇಳಿದ್ದು ನಾನು ಕಂಡಿಲ್ಲ.

ತೊಳೆಯುವವರು ಒಬ್ಬರಿದ್ದಾರೆ. ಹನ್ನೊಂದು ವರ್ಷದಿಂದ ಅದೇ ಜಾಗ, ಅದೇ ಮೂರು ಸಿಮೆಂಟಿನ ತೊಟ್ಟಿ. ಹಾಗಾಗಿ ಡೈವಿಂಗ್ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅವರು ತೊಟ್ಟಿಯಕ್ಕ. ಅಂಗಡಿಯ ಮುಂದಿನ ದೊಡ್ಡ ಬ್ಯಾನರಿನಲ್ಲಿ ಆಮೆ ಇದೆ, ಹವಳ ಇದೆ, ಗೈಡುಗಳಿದ್ದಾರೆ, ಮಾಲೀಕರ ನಗು ಇದೆ. ಅಕ್ಕ ಇಲ್ಲ. ಆ ಬ್ಯಾನರ್ ಕಟ್ಟುವಾಗ ಏಣಿ ಹಿಡಿದುಕೊಂಡವರು ಮಾತ್ರ ಅವರೇ.

ಕೆಲಸದ ಜಾಗ ಅಂಗಡಿಯ ಹಿಂದೆ, ತಗಡಿನ ಮಾಡಿನ ಕೆಳಗೆ. ಪಕ್ಕದಲ್ಲೇ ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ದಡದಡ ಅನ್ನುತ್ತಿರುತ್ತದೆ. ಅಲ್ಲಿ ಸುಖದುಃಖವನ್ನೂ ಜಗಳದ ದನಿಯಲ್ಲೇ ಮಾತಾಡಬೇಕು. ಮೊದಲ ತೊಟ್ಟಿ ಸೂಟಿಗೆ, ಅದರಲ್ಲಿ ಸೋಪಿನ ನೀರು. ಎರಡನೆಯದು ಬೂಟಿಗೆ, ಕಾಲಿಗೆ ಕಟ್ಟುವ ರೆಕ್ಕೆಗಳಿಗೆ. ಮೂರನೆಯದರಲ್ಲಿ ಬರೀ ಸಿಹಿನೀರು, ಅದರಲ್ಲಿ ಬೇರೇನನ್ನಾದರೂ ಅದ್ದಿದರೆ ಅಕ್ಕನ ಬಾಯಿಗೆ ಸಿಕ್ಕಿದಿರಿ ಅಂತಲೇ ಲೆಕ್ಕ. ಅದು ಉಸಿರಿನ ಸೆಟ್ಟುಗಳಿಗೆ ಮೀಸಲು. ಸೆಟ್ ಅಂದರೆ ಸಿಲಿಂಡರಿನಿಂದ ಬಾಯಿಗೆ ಗಾಳಿ ತರುವ ಕೊಳವೆ ಮತ್ತು ಅದರ ತುದಿಯಲ್ಲಿ ಹಲ್ಲಿನಿಂದ ಕಚ್ಚಿ ಹಿಡಿಯುವ ಮೆತ್ತನೆಯ ರಬ್ಬರ್. ಆ ರಬ್ಬರ್ ಹರಿದರೆ ಗಾಳಿಯ ಜೊತೆ ಉಪ್ಪುನೀರೂ ಬಾಯಿಗೆ ನುಗ್ಗುತ್ತದೆ. ದಿನಾ ಸಂಜೆ ಅಕ್ಕ ಒಂದೊಂದನ್ನೂ ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತಾರೆ. ಹರಿದಿದ್ದರೆ ಕಿತ್ತು, ಹೊಸದು ಹಾಕಿ, ಪ್ಲಾಸ್ಟಿಕ್ ಪಟ್ಟಿ ಬಿಗಿದು, ಪಟ್ಟಿಯ ಬಾಲ ಕತ್ತರಿಸುತ್ತಾರೆ.

ಅವರಿಗೆ ಹೇಳಿದ್ದ ಕೆಲಸ ಇಷ್ಟೇ. ಅದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಿಕೊಡಲಿಲ್ಲ, ಅದು ನೋಡಿ ನೋಡಿ ಬಂದದ್ದು.

"ಹೆದರಿದೋರು ಕಡೀತಾರೆ," ಅಂದರು ನನಗೆ. "ಮೇಲೆ ಬಂದು ಏನು ಬೇಕಾದ್ರೂ ಹೇಳ್ಲಿ, ಹಲ್ಲು ಸುಳ್ಳು ಹೇಳಲ್ಲ. ಮೊನ್ನೆ ಒಬ್ರು ಮೀಸೆಯೋರು, ಶಾರ್ಕ್ ನೋಡಿ ನಾನು ನಕ್ಕುಬಿಟ್ಟೆ ಅಂತ ದೋಣಿ ತುಂಬಾ ಹೇಳ್ಕೊಂಡು ಬಂದ್ರು. ಅವರ ರಬ್ಬರ್ ನೋಡಿದ್ರೆ ಶಾರ್ಕೇ ಕಚ್ಚಿದ ಹಾಗಿತ್ತು."

ಈ ವಿದ್ಯೆಯಿಂದ ಒಂದು ಜೀವ ಉಳಿಯಿತು. ಆ ಕತೆ ಹೇಳುತ್ತೇನೆ.

ಅಂಗಡಿಯ ಹಿರಿಯ ಗೈಡನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಇಪ್ಪತ್ತೆರಡು ವರ್ಷ ಜನರನ್ನು ಹವಳದ ದಿಬ್ಬಕ್ಕೆ ಕರೆದೊಯ್ದವರು, ಆ ದಂಡೆಯ ಅರ್ಧ ಗೈಡುಗಳಿಗೆ ಈಜು ಹತ್ತಿಸಿದವರು. ಅವರ ರಬ್ಬರ್ ಎರಡು ವರ್ಷ ಬಾಳುತ್ತಿತ್ತು. "ತುಟಿಯಲ್ಲೇ ಹಿಡ್ಕೊತಿದ್ರು, ಹಲ್ಲು ತಾಗ್ಸಿದ್ದೇ ಇಲ್ಲ," ಅನ್ನುತ್ತಾರೆ ಅಕ್ಕ. ಅಂಥವರ ರಬ್ಬರ್ ಒಂದು ಸಂಜೆ ಹೆಬ್ಬೆರಳಿಗೆ ಹರಿದದ್ದು ಸಿಕ್ಕಿತು. ಹೊಸದು ಹಾಕಿದರು. ಹದಿನೈದು ದಿನಕ್ಕೆ ಅದೂ ಹರಿಯಿತು. ಮೂರನೆಯದು ಎಂಟೇ ದಿನಕ್ಕೆ ಎರಡು ತುಂಡು.

ಅಕ್ಕನಿಗೆ ಮೊದಲು ಬಂದದ್ದು ಅನುಮಾನವಲ್ಲ, ಸಿಟ್ಟು. ಯಾರೋ ಮೇಷ್ಟ್ರ ಸೆಟ್ಟಿಗೆ ಬಾಯಿ ಹಾಕುತ್ತಿದ್ದಾರೆ ಅಂದುಕೊಂಡರು. ಗೈಡುಗಳ ಸೆಟ್ಟನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ಇನ್ನೊಬ್ಬರ ಹಲ್ಲುಜ್ಜುವ ಬ್ರಷ್ ಇದ್ದ ಹಾಗೆ. ಸಿಲಿಂಡರ್ ಹೊತ್ತು ಬಂದ ಕಿರಿಯ ಗೈಡ್ ಗಡ್ಡನನ್ನು ಅಲ್ಲೇ ತಡೆದರು.

"ಏನೋ ಗಡ್ಡ, ನಿನ್ನ ಸೆಟ್ಟಿಗೆ ಏನು ರೋಗ? ಮೇಷ್ಟ್ರುದು ಯಾಕೆ ಕಡೀತೀಯ?"

"ಅಯ್ಯೋ ಅಕ್ಕ, ನಾನ್ಯಾಕೆ ಮುಟ್ಲಿ! ಆಣೆ ಬೇಕಾದ್ರೆ ಇಡ್ತೀನಿ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀಯಲ್ಲ!"

"ನೀವೇ ಹೆಸರು ಹಿಡಿದು ಕೇಳಿ, ಆಮೇಲೆ ಹೆಗಲಿನ ಲೆಕ್ಕ ತೆಗೀತೀರಲ್ಲ ಅಕ್ಕ! ತಗೊಳ್ಳಿ, ಹಲ್ಲೇ ನೋಡಿ," ಎಂದು ಗಡ್ಡ ಬಾಯಿ ಅಗಲಿಸಿ ನಿಂತ. ಮೂವತ್ತೆರಡೂ ಇದ್ದವು, ಒತ್ತೊತ್ತಾಗಿ.

ಅಕ್ಕ ರಬ್ಬರನ್ನು ಬೆಳಕಿಗೆ ಹಿಡಿದರು. ಕಚ್ಚಿದ ಗುರುತಿನ ಸಾಲಿನಲ್ಲಿ ಎಡಕ್ಕೆ ಒಂದು ಹಲ್ಲಿನಷ್ಟು ಜಾಗ ಖಾಲಿ ಇತ್ತು. ಆ ಕಡೆಯ ಹಲ್ಲು ಇಲ್ಲದವರು ಅಂಗಡಿಯಲ್ಲಿ ಒಬ್ಬರೇ. ಯಾವುದೋ ವರ್ಷ ದೋಣಿಯಲ್ಲಿ ಸಿಲಿಂಡರ್ ಉರುಳಿ ಮೇಷ್ಟ್ರ ಹಲ್ಲು ಮುರಿದಿತ್ತು.

"ಹೋಗಪ್ಪ, ತಪ್ಪಾಯ್ತು," ಅಂದರು ಗಡ್ಡನಿಗೆ. ಹನ್ನೊಂದು ವರ್ಷದಲ್ಲಿ ಅಕ್ಕ ತಪ್ಪೊಪ್ಪಿಕೊಂಡದ್ದು ಅದೇ ಮೊದಲು ಎಂದು ಗಡ್ಡ ಈಗಲೂ ಹೇಳಿಕೊಂಡು ತಿರುಗುತ್ತಾನೆ.

ಮರುಸಂಜೆ ಮೇಷ್ಟ್ರು ಕಾಲು ತೊಳೆಯಲು ಹಿಂದುಗಡೆ ಬಂದಾಗ ಅಕ್ಕ ಹಲಗೆಯ ಮೇಲೆ ಹರಿದ ಮೂರೂ ರಬ್ಬರುಗಳನ್ನು ಇಟ್ಟರು.

"ಏನಕ್ಕ ಇದು, ಪ್ರದರ್ಶನ?"

"ನೀವು ಹೇಳ್ಬೇಕು."

"ವಯಸ್ಸಾಯ್ತಲ್ಲ, ಹಲ್ಲು ಚೂಪಾಗಿರ್ಬೇಕು."

"ವಯಸ್ಸಾದ್ರೆ ಹಲ್ಲು ಬೀಳತ್ತೆ ಮೇಷ್ಟ್ರೇ, ಚೂಪಾಗಲ್ಲ."

ಮೇಷ್ಟ್ರು ನಲ್ಲಿ ನಿಲ್ಲಿಸಿದರು. ಅತ್ತಿತ್ತ ನೋಡಿ, ಯಂತ್ರದ ಸದ್ದಿನ ಮರೆಯಲ್ಲಿ ಹೇಳಿದರು. ಎರಡು ತಿಂಗಳಿಂದ ಕೆಳಗೆ ಉಸಿರು ಸಾಲುತ್ತಿಲ್ಲ. ಸಿಲಿಂಡರ್ ತುಂಬಾ ಗಾಳಿ ಇರುತ್ತದೆ, ಎಳೆದರೂ ಎದೆಗೆ ಇಳಿಯುವುದಿಲ್ಲ. ರಬ್ಬರನ್ನು ಉಗಿದು ಮೇಲಕ್ಕೆ ಓಡಿಬಿಡಬೇಕು ಅನ್ನಿಸುತ್ತದೆ. ಹಿಂದೆ ಆರು ಜನ ತಮ್ಮನ್ನೇ ನೋಡುತ್ತಾ ಬರುತ್ತಿರುತ್ತಾರೆ. ಅದಕ್ಕೇ ಕಚ್ಚಿ ಹಿಡಿಯುವುದು.

"ಈ ಸೀಸನ್ ಒಂದು ಮುಗೀಲಿ ಅಕ್ಕ. ಆಮೇಲೆ ಡಾಕ್ಟ್ರ ಹತ್ರ ಹೋಗ್ತೀನಿ. ಅಲ್ಲಿವರೆಗೂ ಹೊಟ್ಟೆಯಲ್ಲಿಟ್ಕೊಳ್ಳಿ. ಇಳಿಯೋದು ಬಿಡಿಸಿದ್ರೆ ನನಗೆ ಬೇರೇನು ಬರತ್ತೆ, ಹೇಳಿ?"

ಇಲ್ಲಿ ನನ್ನ ಸಿಟ್ಟನ್ನು ಸ್ವಲ್ಪ ಕಕ್ಕಬೇಕು. ಗೈಡುಗಳಿಗೆ ವರ್ಷಕ್ಕೊಮ್ಮೆ ವೈದ್ಯರ ಸರ್ಟಿಫಿಕೇಟ್ ಬೇಕು. ಮೇಷ್ಟ್ರದ್ದೂ ಫೈಲಿನಲ್ಲಿ ಇತ್ತು, ದುಂಡಗಿನ ಮೊಹರಿನ ಸಮೇತ. ಅಂಗಡಿಯ ಅಷ್ಟೂ ಜನರ ಕಾಗದ ಒಂದೇ ಕವರಿನಲ್ಲಿ ಹೋಗಿ, ಅದೇ ಕವರಿನಲ್ಲಿ ಸಹಿಯಾಗಿ ವಾಪಸು ಬರುತ್ತಿತ್ತು. ಒಬ್ಬರ ಎದೆಗೂ ಯಾರೂ ಕಿವಿ ಕೊಟ್ಟಿರಲಿಲ್ಲ. ಓದಿದವರು ಕಾಗದ ನೋಡಿ ಈ ಮನುಷ್ಯ ಗಟ್ಟಿ ಅಂದರು. ಓದು ಬಾರದ ಹೆಂಗಸು ರಬ್ಬರ್ ನೋಡಿ ಅಲ್ಲ ಅಂದಳು. ಯಾರನ್ನು ವೈದ್ಯ ಅನ್ನಬೇಕೋ ನೀವೇ ಹೇಳಿ.

ಅಕ್ಕನಿಗೆ ಆ ಸಂಜೆ ಮನೆ ದಾರಿ ಸಾಗಲಿಲ್ಲ. ಕೆಲಸಕ್ಕೆ ಸೇರಿದ ವರ್ಷ ಅವರು ಒಂದು ಸೆಟ್ಟಿನ ಮುಚ್ಚಳ ಹಾಕದೆ ನೀರಿಗೆ ಅದ್ದಿಬಿಟ್ಟಿದ್ದರು. ಒಳಗೆಲ್ಲ ನೀರು ಹೋಗಿ ಸೆಟ್ ಕೆಟ್ಟಿತ್ತು. ಮಾಲೀಕರು ಕೂಗಾಡುತ್ತಾ ಬಂದಾಗ, "ನಾನೇ ಅದ್ದಿದ್ದು," ಎಂದು ಮೇಷ್ಟ್ರು ಮೈಮೇಲೆ ಹಾಕಿಕೊಂಡಿದ್ದರು. ಆಮೇಲೆ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಇವತ್ತೂ ಆಡಲಿಲ್ಲ. ಅದನ್ನೇ ನೆನೆಯುತ್ತಾ ಅಕ್ಕ ನಡೆದರು.

ಮನೆ ಅಂದರೆ ಒಂದೂವರೆ ಕೋಣೆ. ಅರ್ಧ ಕೋಣೆಯಲ್ಲಿ ಅಡುಗೆ, ಇಡೀ ಕೋಣೆಯ ತುಂಬಾ ಅತ್ತೆ. ಅತ್ತೆಗೆ ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು. ಸೊಸೆ ಪಾತ್ರೆ ಇಡುವ ಸದ್ದಿನಲ್ಲೇ ಸುದ್ದಿ ಹಿಡಿಯುವ ಹೆಂಗಸು.

"ಏನೇ, ಪಾತ್ರೆ ಮೇಲೆ ಯಾಕೆ ಸಿಟ್ಟು? ನಾನು ಇವತ್ತು ಏನೂ ಅಂದಿಲ್ವಲ್ಲ."

ಅಕ್ಕ ಎಲ್ಲ ಹೇಳಿದರು. ಕೊನೆಗೆ, "ಕಾಪಾಡಿದ ಮನುಷ್ಯನ ಅನ್ನ ನಾನೇ ಕೀಳೋದಾ ಅತ್ತೆ?" ಅಂದರು.

"ಉಣ್ಣೋಕೆ ಅವನು ಇದ್ರೆ ತಾನೇ ಅನ್ನ?" ಅಂದರು ಅತ್ತೆ. "ಬಾಯಿ ಮುಚ್ಕೊಂಡು ಋಣ ತೀರ್ಸೋಕೆ ಹೊರಟಿದ್ದೀಯ. ಮೂವತ್ತು ವರ್ಷ ನನ್ನ ಮುಂದೆ ಬಾಯಿ ಮುಚ್ಚದೋಳು ಇವತ್ತು ಮುಚ್ಕೋಬೇಕಾ?"

ಬೆಳಿಗ್ಗೆ ಏಳಕ್ಕೆ ದೋಣಿ ಹೊರಡಬೇಕು. ಆರು ಜನ ಪ್ರವಾಸಿಗರು ಸೂಟು ಏರಿಸಿಕೊಂಡು, ಮುಖಕ್ಕೆ ಬಿಳಿ ಕ್ರೀಮು ಬಳಿದುಕೊಂಡು ದಕ್ಕೆಯ ಮೇಲೆ ನಿಂತಿದ್ದರು. ಸಾಮಾನಿನ ಬುಟ್ಟಿಗಳು ದೋಣಿಗೇರಿದವು. ಮೇಷ್ಟ್ರು ತಮ್ಮ ಬುಟ್ಟಿ ನೋಡಿದರು, ಸೆಟ್ ಇರಲಿಲ್ಲ. ಹಿಂದುಗಡೆ ಬಂದರೆ, ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. ಕೊಳವೆಯ ತುದಿ ಬೋಳಾಗಿತ್ತು.

"ರಬ್ಬರ್ ಹಾಕಿಲ್ವಾ ಅಕ್ಕ?"

"ಇಲ್ಲ. ಹಾಕಲ್ಲ."

"ಹೊತ್ತಾಗ್ತಿದೆ, ತಮಾಷೆ ಸಾಕು."

"ಮೇಷ್ಟ್ರೇ, ಇವತ್ತಿಂದ ನೀವು ನನ್ನ ಮುಖ ನೋಡ್ದೆ ಇದ್ರೂ ಪರವಾಗಿಲ್ಲ. ಆ ಆರು ಜನ ಕೆಳಗೆ ನಿಮ್ಮ ಮುಖ ನೋಡ್ಕೊಂಡು ಉಸಿರಾಡ್ತಾರೆ. ನಿಮ್ಮ ಉಸಿರೇ ನಿಂತ್ರೆ ಅವರು ಯಾರನ್ನ ನೋಡ್ಬೇಕು? ನಿಮ್ಮ ಮನೆಯೋರಿಗೆ ನಾನು ಏನಂತ ಹೇಳ್ಲಿ, ಗೊತ್ತಿತ್ತು, ರಬ್ಬರ್ ಹಾಕ್ಕೊಟ್ಟೆ ಅಂತ ಹೇಳ್ಲಾ?"

ಅಷ್ಟರಲ್ಲಿ ಮಾಲೀಕರು ಬಂದರು.

"ಏನು ನಡೀತಿದೆ ಇಲ್ಲಿ? ಜನ ಬಿಸಿಲಲ್ಲಿ ಒಣಗ್ತಿದ್ದಾರೆ!"

ಅಕ್ಕ ತುಟಿ ಬಿಗಿಹಿಡಿದು ಮೇಷ್ಟ್ರನ್ನೇ ನೋಡಿದರು. ಈಗ ಮೇಷ್ಟ್ರು ಒಂದು ಸುಳ್ಳು ಹೇಳಿದರೆ ಸಾಕಿತ್ತು. ಇಲ್ಲವೇ ಏನೂ ಹೇಳದೆ ಗೋಡೆಯ ಕೊಕ್ಕೆಯಿಂದ ಅಂಗಡಿಯ ಸೆಟ್ ಒಂದನ್ನು ತೆಗೆದುಕೊಂಡು ನಡೆದಿದ್ದರೆ ಸಾಕಿತ್ತು. ಹದಿನಾಲ್ಕು ಸೆಟ್ ತೂಗುತ್ತಿದ್ದವು, ಕೈಗೆಟುಕುವಷ್ಟು ದೂರದಲ್ಲಿ. ಅವರು ಅವುಗಳನ್ನೊಮ್ಮೆ ನೋಡಿದರು. ಕೈ ಎತ್ತಲಿಲ್ಲ.

"ಇವತ್ತು ನಾನು ಇಳಿಯಲ್ಲ," ಅಂದರು. "ನನಗೆ ಕೆಳಗೆ ಉಸಿರು ಕಟ್ಟತ್ತೆ. ಎರಡು ತಿಂಗಳಾಯ್ತು."

ಮಾಲೀಕರು ಕೂಗಾಡಿದರು, ಅದೇನು ಹೊಸದಲ್ಲ. ಗಡ್ಡ ಮೂವರನ್ನು ಬೆಳಿಗ್ಗೆ, ಮೂವರನ್ನು ಮಧ್ಯಾಹ್ನ ಇಳಿಸಿದ. ಪ್ರವಾಸಿಗರಲ್ಲಿ ಒಬ್ಬರು ತಡವಾದ ಬಗ್ಗೆ ಖಾರವಾದ ದೂರು ಬರೆದರಂತೆ. ತಮ್ಮನ್ನು ಯಾವುದರಿಂದ ತಪ್ಪಿಸಿದರು ಎಂಬುದು ಆ ಪುಣ್ಯಾತ್ಮರಿಗೆ ಈ ಹೊತ್ತಿಗೂ ಗೊತ್ತಿಲ್ಲ.

ಊರಿನ ದೊಡ್ಡ ಆಸ್ಪತ್ರೆಯಲ್ಲಿ ಮೇಷ್ಟ್ರ ಎದೆಗೆ ಕೊನೆಗೂ ಯಾರೋ ಕಿವಿ ಕೊಟ್ಟರು. ಹೃದಯದ ಕವಾಟವೊಂದು ಸರಿಯಾಗಿ ಮುಚ್ಚುತ್ತಿರಲಿಲ್ಲ. "ಇಳಿದಿದ್ರೆ ಏನಾಗ್ತಿತ್ತು ಅಂತ ನೀವು ಕೇಳ್ಬೇಡಿ, ನಾನು ಹೇಳಲ್ಲ," ಅಂದರಂತೆ ಡಾಕ್ಟರಮ್ಮ. ಆಪರೇಷನ್ ಆಯಿತು. ಮನುಷ್ಯ ಉಳಿದರು. ಸಮುದ್ರದ ತಳ ಮಾತ್ರ ಶಾಶ್ವತವಾಗಿ ಮುಗಿಯಿತು.

ಆಸ್ಪತ್ರೆಗೆ ಅಕ್ಕ ಎರಡು ಸಲ ಹೋದರು, ಎರಡು ಸಲವೂ ಮೇಷ್ಟ್ರು ಗೋಡೆ ಕಡೆ ಹೊರಳಿ ಮಲಗಿದರು. ಬಿಡಿ, ಇಪ್ಪತ್ತೆರಡು ವರ್ಷದ ಸಮುದ್ರ ಒಂದು ಬೆಳಿಗ್ಗೆ ಕೈಬಿಟ್ಟರೆ ಯಾರಾದರೂ ಹೊರಳಿಯಾರು. ನಾಲ್ಕು ತಿಂಗಳ ನಂತರ ಕೆಲಸಕ್ಕೆ ವಾಪಸಾದರು. ಮಾಲೀಕರು ಇಟ್ಟುಕೊಂಡದ್ದು ಕರುಣೆಯಿಂದಲ್ಲ. ಹವಳ ಅಲ್ಲಿ ಬಳೆಯ ಹಾಗೆ ಸುತ್ತುವರಿದಿದೆ, ಅದರ ಸಂದಿಯಲ್ಲಿ ದೋಣಿ ನುಗ್ಗಿಸುವ ಹೊತ್ತು, ಸೆಳೆತ, ಆಳ ಅವರಷ್ಟು ತಿಳಿದವರು ಇನ್ನೊಬ್ಬರಿಲ್ಲ. ಈಗ ದೋಣಿಯ ಮೇಲೇ ನಿಂತು ಇಳಿಯುವವರಿಗೆ ಪಾಠ ಹೇಳುತ್ತಾರೆ, ಅವರು ಇಳಿದ ಮೇಲೆ ನೀರಿನ ಗುಳ್ಳೆಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಸಂಜೆ ತೊಟ್ಟಿಯ ಕಟ್ಟೆಯ ಮೇಲೆ ಕೂತು ಅಕ್ಕನ ಜೊತೆ ಜಗಳದ ದನಿಯಲ್ಲಿ ಹರಟುತ್ತಾರೆ.

ನೀವು ಅವರನ್ನು ಉಳಿಸಿದಿರಿ ಎಂದರೆ ಅಕ್ಕನಿಗೆ ಹಿಡಿಸುವುದಿಲ್ಲ. "ನಾನೇನು ಮಾಡ್ದೆ? ಒಂದು ರಬ್ಬರ್ ಹಾಕ್ಲಿಲ್ಲ, ಅಷ್ಟೆ. ಕೊಕ್ಕೆಯಲ್ಲಿ ಅಷ್ಟು ಸೆಟ್ ಇತ್ತು. ಅವರು ಮುಟ್ಲಿಲ್ಲ ನೋಡಿ, ನನ್ನ ಮಾತು ಉಳಿಸಿದ್ದು ಅವರು. ಅದನ್ನ ನಾನು ಸಾಯೋವರೆಗೂ ನೆನೀತೀನಿ."

ಯಾಕೆ ಮುಟ್ಟಲಿಲ್ಲ ಎಂದು ನಾನು ಮೇಷ್ಟ್ರನ್ನೇ ಕೇಳಿದೆ. ಅವರು ಹಲ್ಲಿಲ್ಲದ ಕಡೆಯಿಂದ ನಕ್ಕರು.

"ಮುಟ್ಟಿ ಏನು ಪ್ರಯೋಜನ ಸ್ವಾಮಿ? ಯಾವ ಸೆಟ್ ಕಚ್ಚಿದ್ರೂ ಸಂಜೆ ತೊಳೆಯೋಳು ಅವಳೇ ತಾನೇ!"